ನೋಡಿದಷ್ಟು ಹೊತ್ತು

ಮೇಲಿನಿಂದ ನಮ್ಮೂರಿಗೆ ಬರುವವರನ್ನು ನಾವು ಯಾವತ್ತೂ ತಡೆದವರಲ್ಲ. ಕೆಳಗಿನಿಂದ ಬರುವವರನ್ನೂ ತಡೆದಿಲ್ಲ. ಇಬ್ಬರಿಗೂ ನಮ್ಮ ಜಗಲಿ ತೆರೆದೇ ಇತ್ತು. ಆದರೆ ಕೆಳಗಿನವರು ಬಂದು ಮೇಲಿನವರನ್ನು ತಡೆಯುತ್ತೇವೆ ಎಂದು ಹೊರಟಾಗ ನನಗೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಊರಿಗೆ ಹೊಸದಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಈ ಮನೆಗೆ ಕಾಲಿಟ್ಟವಳು ಎಂದು ನಮ್ಮತ್ತೆ ದೇವೀರಮ್ಮನವರು ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾರೆ.

ಮೇಲೆ ಎಂದರೆ ಮೇಲುಸೀಮೆ. ಮರಗಳು ಮುಗಿದು, ಹುಲ್ಲೂ ಮುಗಿದು, ಬರೀ ಕಲ್ಲು ಮತ್ತು ಹಿಮ ಇರುವ ಜಾಗ. ಸರ್ಕಾರ ಅದನ್ನು ರಕ್ಷಿತ ಧಾಮ ಎಂದು ಕರೆದು ಬೋರ್ಡು ನೆಟ್ಟಿದ್ದು ನಮ್ಮ ಮಾವನವರ ಕಾಲದಲ್ಲಿ. ಅಲ್ಲಿ ಹಿಮಚಿರತೆಯಿದೆ, ಹಿಂದಕ್ಕೆ ಬಾಗಿದ ಕೊಂಬಿನ ಕಾಡುಮೇಕೆಗಳಿವೆ, ಗಡ್ಡವಿರುವ ರಣಹದ್ದು ಇದೆ. ಅಳಿಲಿನ ಜಾತಿಯದೇ ಆದರೂ ಬೆಕ್ಕಿಗಿಂತ ದಪ್ಪಗಿರುವ, ಬಿಲದ ಬಾಯಲ್ಲಿ ಎದ್ದು ನಿಂತು ಸಿಳ್ಳೆ ಹಾಕುವ ಒಂದು ಪ್ರಾಣಿಯೂ ಇದೆ. ಅದನ್ನು ನಾವು ಸಿಳ್ಳೆಗ ಎನ್ನುತ್ತೇವೆ. ಇವನ್ನೆಲ್ಲ ನೋಡಲು ಯಾರು ಬೇಕಾದರೂ ಹೋಗಬಹುದು, ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಮಾರನೆಯ ಬೆಳಿಗ್ಗೆ ಆ ಪ್ರಾಣಿ ಇಳಿದು ಬಂದು, ನೋಡಿದವರ ಮನೆ ಮುಂದೆ ನಿಂತು, ಅಷ್ಟೇ ಹೊತ್ತು ಅವರನ್ನು ನೋಡಿ ಹೋಗುತ್ತದೆ.

ಅದಕ್ಕೇ ನಮ್ಮಲ್ಲಿ ಪ್ರತಿ ಮನೆ ಮುಂದೆ ಒಂದು ಉಪ್ಪಿನ ಕಲ್ಲು, ಜಗಲಿಯ ಮೇಲೆ ಒಂದು ಮಣೆ. ಪ್ರಾಣಿ ಬಂದರೆ ಹೊರಗೆ ಬಂದು ಕೂರಬೇಕು. ಕೆಲಸ ಮಾಡುತ್ತ ಕೂರಬಹುದು, ಮಾತಾಡುತ್ತ ಕೂರಬಹುದು. ಬೆನ್ನು ಹಾಕುವಂತಿಲ್ಲ, ಮುಖ ಮುಚ್ಚುವಂತಿಲ್ಲ. ದರ್ಜಿ ಸಂಜೀವಣ್ಣ ಮೇಕೆಯ ಕಣ್ಣೆದುರು ಹೊಲಿಯಲು ಕೂತು ನನ್ನ ರವಿಕೆಗೆ ಎರಡೂ ಎಡತೋಳು ಇಟ್ಟ. ಲೈನ್‌ಮನ್ ಮೇಲೆ ಹೋಗಿ ಹದ್ದು ನೋಡಿ ಬಂದರೆ ಮಾರನೆಯ ದಿನ ಅದು ಕರೆಂಟಿನ ಕಂಬದ ಮೇಲೆ ಕೂತು ಅವನನ್ನೇ ನೋಡುತ್ತಿರುತ್ತದೆ, ಅವನು ಕಂಬ ಹತ್ತುವುದಿಲ್ಲ, ನಾವು ಅವನನ್ನು ಬೈದುಕೊಂಡು ಚಟ್ನಿಯನ್ನು ಒರಳಲ್ಲಿ ರುಬ್ಬುತ್ತೇವೆ.

ಹೆಣ್ಣು ನೋಡುವ ಶಾಸ್ತ್ರದಲ್ಲೂ ನಮ್ಮದು ಇದೇ ಕ್ರಮ. ಗಂಡಿನವರು ಬಂದು, ನೋಡಿ, ಉಪ್ಪಿಟ್ಟು ತಿಂದು ಹೋದರೆ ಮಾರನೆಯ ದಿನ ಹೆಣ್ಣು ಗಂಡಿನ ಮನೆಗೆ ಹೋಗಿ ಅಷ್ಟೇ ಹೊತ್ತು ಅವನನ್ನು ಕೂರಿಸಿ ನೋಡಬೇಕು. ನಮ್ಮ ಯಜಮಾನರು ನನ್ನನ್ನು ನೋಡಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ನಾನು ಹೋಗಿ ಮಧ್ಯಾಹ್ನದ ಊಟದವರೆಗೂ ನೋಡಿದೆ. ಇದು ಜಾಸ್ತಿಯಾಯಿತು ಎಂದು ದೇವೀರಮ್ಮನವರು ಬಾಗಿಲಲ್ಲಿ ನಿಂತು ಗೊಣಗಿದರು. ನಿಮ್ಮ ಮಗ ಬಿಸಿ ಕಾಫಿಯನ್ನು ಗಟಗಟ ಕುಡಿದರೆ ನಾನೇನು ಮಾಡಲಿ ಎಂದೆ. ಅಷ್ಟು ಹೊತ್ತು ನೋಡಿದ್ದರಿಂದಲೇ ಅವರು ಕಡಿಮೆ ಮಾತಿನ, ಕೈಬೆರಳು ಎಣಿಸಿಕೊಳ್ಳುತ್ತ ಕೂರುವ, ಕೆಟ್ಟ ಮನಸ್ಸಿಲ್ಲದ ಮನುಷ್ಯ ಎಂದು ನನಗೆ ತಿಳಿದದ್ದು. ಈಗ ಅವರು ಊರಿನ ಬಸ್ಸು ಓಡಿಸುತ್ತಾರೆ. ನಾನು ಮನೆಯ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಡುತ್ತೇನೆ, ಮೇಲಕ್ಕೆ ಕರೆದುಕೊಂಡೂ ಹೋಗುತ್ತೇನೆ.

ತಪ್ಪು ಮಾಡಿದವರು ನಾವೇ. ಮೊದಮೊದಲು ಬಂದ ಪ್ರವಾಸಿಗಳು ಮೇಲೆ ಹೋಗಿ ಕಣ್ತುಂಬ ನೋಡಿ, ಬೆಳಗಿನ ಬಸ್ಸಿಗೇ ಇಳಿದು ಹೋಗುತ್ತಿದ್ದರು. ಆಮೇಲೆ ಬಂದ ಮೇಕೆ ಖಾಲಿ ಕೋಣೆಯ ಕಿಟಕಿ ಮೂಸಿ, ಸಂಜೆಯಾದರೂ ಹೋಗದೆ ಕಾಯುತ್ತ ನಿಂತಿರುತ್ತಿತ್ತು. ಅದರ ಪಾಡು ಸಹಿಸಲಾರದೆ ದೇವೀರಮ್ಮನವರು ಒಂದು ದಿನ ಅತಿಥಿ ಹೊದ್ದಿದ್ದ ಕಂಬಳಿಯನ್ನು ತಾವು ಹೊದ್ದು ಮಣೆಯ ಮೇಲೆ ಕೂತರು. ಮೇಕೆ ಮೂಸಿತು, ಒಪ್ಪಿತು, ಅವರನ್ನೇ ನೋಡಿ ಹೋಯಿತು. ಊರೆಲ್ಲ ಅದನ್ನೇ ಹಿಡಿಯಿತು. ಅತಿಥಿಗೆ ಮಾಡುವ ಉಪಚಾರಗಳಲ್ಲಿ ಅದೂ ಒಂದಾಯಿತು, ಬಿಸಿನೀರಿನ ಹಾಗೆ, ಹಾಸಿಗೆಯ ಹಾಗೆ. ಪ್ರವಾಸಿಗಳು ಹೆಚ್ಚಿದರು. ದೇವೀರಮ್ಮನವರ ಕಣ್ಣಿಗೆ ಪೊರೆ ಬಂತು, ಮೊಣಕಾಲು ಊದಿತು. ಆದರೂ ದಿನಾ ಬೆಳಿಗ್ಗೆ ಯಾರೋ ಹೊದ್ದು ಬಿಟ್ಟ ಕಂಬಳಿಯಲ್ಲಿ, ತಾವು ಕಾಣದ ಪ್ರಾಣಿಯ ಎದುರು, ಯಾರೋ ನೋಡಿದ್ದಕ್ಕೆ ಅವರು ಕೂರುತ್ತಿದ್ದರು.

ಎರಡು ದಿನ ಉಳಿಯುವ ಪ್ರವಾಸಿಗಳಿಗೆ ಈ ಉಪಚಾರವೂ ಸಾಲದಾಯಿತು. ಹಲ್ಲುಜ್ಜುವಾಗ ಸಿಳ್ಳೆಗ ನೋಡುತ್ತದೆ, ತಿಂಡಿ ತಿನ್ನುವಾಗ ಮೇಕೆ ನೋಡುತ್ತದೆ, ನಾವು ನೆಮ್ಮದಿಗೆ ಬಂದವರು ಎಂದು ದೂರಿದರು. ರೇಂಜರ್ ಪರಮಶಿವಯ್ಯನವರು ಊರಿನವರನ್ನು ಬಸ್ ನಿಲ್ದಾಣದಲ್ಲಿ ಸೇರಿಸಿ, ಊರಿಗೂ ಮೇಲುಸೀಮೆಗೂ ನಡುವೆ ತಂತಿಬೇಲಿ ಬರುತ್ತದೆ ಎಂದರು. ಮನುಷ್ಯರಿಗೆ ಒಂದು ಗೇಟು ಇರುತ್ತದೆ, ಪ್ರಾಣಿಗಳಿಗೆ ಇರುವುದಿಲ್ಲ. ಅವರು ಕೆಟ್ಟವರಲ್ಲ. ಹಿಂದಿನ ಬೇಸಿಗೆಯಲ್ಲಿ ಒಂದು ಸಿಳ್ಳೆಗ ಬಸ್ಸಿನ ಚಕ್ರಕ್ಕೆ ಸಿಕ್ಕಿ ಸತ್ತದ್ದನ್ನು ನೆನಪಿಸಿ, ಇದು ಅವುಗಳ ಒಳ್ಳೆಯದಕ್ಕೇ ಎಂದರು. ಆ ಬಸ್ಸು ನಮ್ಮ ಯಜಮಾನರದು. ಆವತ್ತು ಅವರು ಊಟ ಮಾಡಿರಲಿಲ್ಲ. ಈಗಲೂ ತಲೆ ತಗ್ಗಿಸಿ ಬೆರಳು ಎಣಿಸುತ್ತ ಕೂತರು.

ಬಸ್ಸು ಹಾಯ್ದರೆ ಬಸ್ಸಿಗೆ ಬೇಲಿ ಹಾಕಿ ಎಂದೆ ನಾನು. ಕೆಲವರು ನಕ್ಕರು, ಪರಮಶಿವಯ್ಯನವರು ನಗಲಿಲ್ಲ. ನಿಮಗೇನು ನಷ್ಟ ತಾಯಕ್ಕ, ನೀವು ಗೇಟಿನಲ್ಲಿ ಮೊದಲಿನಂತೆಯೇ ಹೋಗಿ ಬರಬಹುದಲ್ಲ ಎಂದು ಕೇಳಿದರು. ನಷ್ಟ ಏನೆಂದು ನನಗೆ ಮನೆಗೆ ಬಂದು ರೊಟ್ಟಿ ತಟ್ಟುವಾಗ ಹೊಳೆಯಿತು. ಬೇಲಿ ಬಂದ ಮೇಲೆ ನಾನು ಮೇಲೆ ಹೋದರೆ ಕದ್ದು ನೋಡಿದ ಹಾಗೆ. ನೋಡಿಸಿಕೊಳ್ಳಲಾಗದ ಮೇಲೆ ನಾನು ಹೋಗುವುದಿಲ್ಲ, ನಮ್ಮೂರಿನ ಯಾರೂ ಹೋಗುವುದಿಲ್ಲ. ಆಮೇಲೆ ಮೇಲುಸೀಮೆ ಬರೀ ಕೆಳಗಿನವರದು. ಹುಟ್ಟಿದಾಗಿನಿಂದ ನನ್ನನ್ನು ನೋಡುತ್ತ ಬಂದ ಬೆಟ್ಟವನ್ನು ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಕೊನೆಯ ಮಾತು ಪರಮಶಿವಯ್ಯನವರದಾಗಿರಲಿಲ್ಲ. ಧಾಮದ ಡೈರೆಕ್ಟರ್ ಕುಮುದಿನಿ ಮೇಡಂ ಕೆಳಗಿನ ಪಟ್ಟಣದಿಂದ ಬಂದು, ಖುದ್ದಾಗಿ ನೋಡಿ ತೀರ್ಮಾನ ಹೇಳುತ್ತಾರೆ ಎಂದಾಯಿತು. ಉಳಿದುಕೊಳ್ಳುವುದು ನಮ್ಮ ಮನೆಯಲ್ಲಿ. ಚುರುಕಾದ ಹೆಂಗಸು, ಬಂದವರೇ ಬೂಟು ಬಿಗಿದು, ದುರ್ಬೀನು ಕೊರಳಿಗೆ ಹಾಕಿಕೊಂಡು, ನಡೀರಿ ಎಂದರು. ಏರಿನಲ್ಲಿ ಒಮ್ಮೆಯೂ ಕೂರಲಿಲ್ಲ. ಮಂಜುಗಡ್ಡೆಯ ಕೆಳಗೆ ಹರಿಯುವ ಹೊಳೆಯನ್ನು ನನಗಿಂತ ಹಗುರವಾಗಿ ದಾಟಿದರು. ಅದನ್ನು ನಾನು ಮೆಚ್ಚಿದೆ.

ಮೇಲೆ ಹೋದಾಗ ನಮ್ಮವರು ನೋಡುವ ರೀತಿಯೇ ಬೇರೆ. ನಾಳೆ ಏನು ಕೆಲಸವಿದೆ ಎಂದು ನೆನೆಸಿಕೊಂಡು ನೋಡುತ್ತೇವೆ. ಬಟ್ಟೆ ಒಗೆಯುವುದಿದ್ದರೆ ಒಂದು ಕಣ್ಣೋಟ ಸಾಕು; ಬಟಾಣಿ ಬಿಡಿಸುವುದಿದ್ದರೆ ಒಂದಿಷ್ಟು ಹೆಚ್ಚು. ಆಸೆಯಾದರೂ ಅರ್ಧಕ್ಕೆ ಕಣ್ಣು ತೆಗೆಯುವುದು ಚಿಕ್ಕಂದಿನಿಂದ ರೂಢಿ. ಅರ್ಧಕ್ಕೆ ತೆಗೆದದ್ದರಿಂದಲೇ ಒಂದೊಂದು ಮೇಕೆಯ ನಡಿಗೆ ಮನಸ್ಸಿನಲ್ಲಿ ಉಳಿಯುತ್ತದೆ. ಮೇಡಂಗೆ ಆ ಯೋಚನೆ ಇರಲಿಲ್ಲ. ಸಿಳ್ಳೆಗಗಳು ಒಂದಾದ ಮೇಲೊಂದು ಸಿಳ್ಳೆ ಹಾಕಿ ಬಿಲ ಹೊಕ್ಕವು, ಅತ್ತ ತಿರುಗಲೂ ಇಲ್ಲ. ಮೇಕೆಗಳ ಹಿಂಡು ಕಡಿದಾದ ಬಂಡೆಯ ಮೇಲೆ ಗೋಡೆಗೆ ಅಂಟಿಸಿದಂತೆ ನಿಂತಿತ್ತು. ಇವು ಫೋಟೋದಲ್ಲಿ ನೋಡಿದ್ದೇ ಎಂದು ಮುಂದೆ ನಡೆದರು. ಅವರಿಗೆ ಬೇಕಾದದ್ದು ಹಿಮಚಿರತೆ.

ಅದು ಸಿಕ್ಕಿತು. ಕಣಿವೆಯ ಆಚೆ ಬದಿಯಲ್ಲಿ, ಬಂಡೆಯ ಅಟ್ಟದಂಥ ಜಾಗದಲ್ಲಿ ಬಿಸಿಲು ಕಾಯುತ್ತ ಮಲಗಿತ್ತು. ಬೂದಿ ಬಣ್ಣದ ಮೈ, ಬಂಡೆಯದೇ ಮಚ್ಚೆಗಳು. ಪಕ್ಕದಲ್ಲಿ ಎರಡು ಮರಿ, ತಾಯಿಯ ಉದ್ದನೆಯ ಬಾಲವನ್ನು ಹಿಡಿದು ಎಳೆಯುತ್ತಿದ್ದವು. ನಾನೂ ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನೋಡಿದೆ. ಆಮೇಲೆ ಬಂಡೆಗೆ ಬೆನ್ನು ಕೊಟ್ಟು, ಗಂಟು ಬಿಚ್ಚಿ ರೊಟ್ಟಿ ತಿಂದೆ. ಮೇಡಂ ಮಂಡಿಯೂರಿ ದುರ್ಬೀನು ಹಿಡಿದವರು ಹಿಡಿದೇ ಇದ್ದರು. ನೆರಳು ನಮ್ಮ ಬಂಡೆಯಿಂದ ಹೊರಟು ಕಣಿವೆಯನ್ನೆಲ್ಲ ತುಂಬಿತು. ಅವರ ಕಣ್ಣಂಚು ಒದ್ದೆಯಾಗಿತ್ತು. ನೋಡಲು ಬರುವುದಿಲ್ಲ ಎಂದು ನಾನು ಅವರನ್ನು ದೂರಲಾರೆ. ನೋಡುವುದನ್ನು ಅವರು ನಿಜವಾಗಿ ನೋಡಿದರು.

"ಮೇಡಂ, ನೀವೀಗ ನೋಡಿದ್ದು ನಾಳೆ ಅರ್ಧ ದಿನಕ್ಕಾಯ್ತು. ಬೆಳಗ್ಗೆ ಅದು ಬರುತ್ತೆ" ಎಂದೆ.

ಅವರು ದುರ್ಬೀನು ಇಳಿಸಲಿಲ್ಲ. "ಬೆಳಗ್ಗೆ ನಾನು ಬೇಗ ಹೊರಡ್ತೀನಿ ತಾಯಕ್ಕ. ಅದಕ್ಕೆಲ್ಲ ನಿಮ್ಮ ಅತ್ತೆ ಕೂತ್ಕೊಳ್ತಾರಂತಲ್ಲ, ರೇಂಜರ್ ಹೇಳಿದ್ರು."

ನನಗೆ ಮೈಯೆಲ್ಲ ಉರಿಯಿತು. ಉಪಚಾರ ಮಾಡಿಸಿಕೊಂಡವರು ಅದನ್ನು ಉಪಚಾರ ಎಂದು ತಿಳಿದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ. ಅವರು ಅದನ್ನು ಕೋಣೆಯ ಜೊತೆ ಬರುವ ಸೌಕರ್ಯ ಎಂದುಕೊಂಡಿದ್ದರು. ಇಳಿಯುವಾಗ ಬೇಲಿ ಎಲ್ಲಿ ಹಾಯಬೇಕೆಂದು ಅವರು ದಾರಿಯುದ್ದಕ್ಕೂ ಕೈ ತೋರಿಸುತ್ತ ಬಂದರು.

ಬೆಳಿಗ್ಗೆ ಮೇಡಂ ಬಚ್ಚಲಿಗೆ ಹೋದದ್ದೇ ತಡ, ನಾನು ಅವರ ಕೋಣೆಗೆ ಹೋಗಿ ಕಂಬಳಿ ಎತ್ತಿಕೊಂಡು ಬಂದು ಅಂಟುವಾಳದ ನೀರಿನ ಬಾನಿಯಲ್ಲಿ ಮುಳುಗಿಸಿದೆ. ಮೇಲೆ ಒಂದು ಕಲ್ಲು ಹೇರಿದೆ. ದಿಂಬಿನ ಚೀಲವನ್ನೂ ಬಿಡಲಿಲ್ಲ. ದೇವೀರಮ್ಮನವರು ಕಂಬಳಿಗಾಗಿ ಕೈ ಚಾಚಿ ಬಾಗಿಲಲ್ಲಿ ನಿಂತಿದ್ದರು. ನೊರೆಯ ವಾಸನೆ ಮೂಗಿಗೆ ಬಡಿದು ಅವರಿಗೆ ಎಲ್ಲ ಗೊತ್ತಾಯಿತು.

"ಮನೆಗೆ ಬಂದೋರ ಮರ್ಯಾದೆ ತೆಗೀತೀಯೇನೇ" ಎಂದರು.

"ಅತ್ತೆ, ಇಷ್ಟು ವರ್ಷ ನೀವು ಕೂತಿದ್ದು ಸಾಕು. ನೋಡ್ದೋರು ಕೂತ್ಕೊಳ್ಳಿ."

"ನಂಗೆ ಕಷ್ಟ ಅಂತ ನಾನು ಹೇಳಿದ್ನಾ?"

"ನಂಗೆ ಕಷ್ಟ. ದಿನಾ ಬೆಳಗಾದ್ರೆ ನಿಮ್ಮನ್ನ ಹಂಗೆ ನೋಡಕ್ಕೆ ನನ್ನ ಕೈಲಾಗಲ್ಲ."

ಅವರು ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತರು. ಅವರಿಗೆ ಎದುರು ಹೇಳಿದ್ದು ಅದೇ ಮೊದಲಲ್ಲ, ಆದರೆ ಅಳು ಬಂದು ಹೇಳಿದ್ದು ಅದೇ ಮೊದಲು. ಕಣ್ಣೊರೆಸಿಕೊಂಡು ನಾನು ಮೇಡಂಗೆ ಕಾಫಿ ಕೊಟ್ಟೆ.

ಜೀಪು ಹೊರಡುವ ಹೊತ್ತಿಗೆ ಊರಿನ ನಾಯಿಗಳೆಲ್ಲ ಒಮ್ಮೆಗೇ ಸುಮ್ಮನಾದವು. ಹಿಮಚಿರತೆ ಮೇಲಿನ ಓಣಿಯಿಂದ ಇಳಿದು ಬಂತು. ಮರಿಗಳು ಹಿಂದೆಯೇ ಇದ್ದವು. ಮೊದಲು ನನ್ನ ಕಡೆ ತಿರುಗಿ, ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ನೋಡಿತು. ನನ್ನ ಪಾಲು ಮುಗಿಯಿತು. ಆಮೇಲೆ ನಮ್ಮ ಜಗಲಿ, ಕಿಟಕಿ, ಒದ್ದೆ ಬಾನಿ ಎಲ್ಲ ಮೂಸಿ, ನೇರ ಹೋಗಿ ಜೀಪಿನ ಮುಂದೆ ದಾರಿಯ ಮಧ್ಯ ಕೂತಿತು. ಮೇಡಂ ಗಾಜು ಏರಿಸಿಕೊಂಡರು. ಡ್ರೈವರ್ ಹಾರನ್ ಮೇಲೆ ಕೈಯಿಟ್ಟು ತೆಗೆದ. ರಕ್ಷಿತ ಪ್ರಾಣಿಯನ್ನು ಅದು ಇರುವ ಜಾಗದಿಂದ ಕದಲಿಸಿದವರಿಗೆ ಶಿಕ್ಷೆ ಎಂಬ ಬೋರ್ಡು ಅಲ್ಲೇ ಎದುರಿಗಿತ್ತು, ನೆಟ್ಟಿದ್ದು ಅವರದೇ ಇಲಾಖೆ. ಪರಮಶಿವಯ್ಯನವರು ಒಮ್ಮೆ ಬೋರ್ಡನ್ನೂ ಒಮ್ಮೆ ನನ್ನನ್ನೂ ನೋಡಿದರು. ನಾನು ಬಟಾಣಿ ಮೊರ ತಂದು ಜಗಲಿಯ ಮೇಲೆ ಇಟ್ಟೆ.

ಮೇಡಂ ಬಹಳ ಹೊತ್ತು ತಡೆದರು. ಕೈಗಳಿಂದ ಮುಖ ಮರೆ ಮಾಡಿಕೊಂಡರು, ಸೀಟಿನಲ್ಲಿ ಬಗ್ಗಿ ಕೂತರು. ಚಿರತೆಗೆ ಅವಸರವಿರಲಿಲ್ಲ, ಪಂಜ ನೆಕ್ಕಿಕೊಂಡು ಕಾಯಿತು. ಮರಿಗಳು ಜೀಪಿನ ಕೆಳಗೆ ಹೋಗಿ ಆಟ ಶುರು ಮಾಡಿದವು. ಊರಿನವರೆಲ್ಲ ಅವರವರ ಜಗಲಿಗೆ ಬಂದು ನಿಂತಿದ್ದರು. ಕಡೆಗೆ ಮೇಡಂ ಬಾಗಿಲು ತೆಗೆದು, ಯಾರ ಮುಖವನ್ನೂ ನೋಡದೆ ಬಂದು, ನಮ್ಮ ಮಣೆಯ ಮೇಲೆ ಕೂತರು. ಚಿರತೆ ಎದ್ದು ಬಂದು ಉಪ್ಪಿನ ಕಲ್ಲಿನ ಪಕ್ಕ ಮಲಗಿ, ತಲೆ ಎತ್ತಿ ನೋಡತೊಡಗಿತು.

ಮೊದಲು ಅವರು ಬೆನ್ನು ನೆಟ್ಟಗೆ ಮಾಡಿ ಆಫೀಸಿನಲ್ಲಿ ಕೂತಂತೆ ಕೂತರು. ಕೂದಲು ಸರಿ ಮಾಡಿಕೊಂಡರು. ಫೋನು ತೆಗೆದರು, ಸಿಗ್ನಲ್ ಇರಲಿಲ್ಲ, ಇಟ್ಟರು. ಉಗುರು ನೋಡಿಕೊಂಡರು. ಅದೂ ಮುಗಿದ ಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದರು. ನಾನು ಮೊರವನ್ನು ಅವರ ಕಡೆ ಸರಿಸಿದೆ. ಅವರು ಬಟಾಣಿ ಬಿಡಿಸಿದರು. ಆಗ ಒಳಗಿನಿಂದ ದೇವೀರಮ್ಮನವರು ಗೋಡೆ ಹಿಡಿದು ಬಂದು, ಯಾರ ಕಂಬಳಿಯೂ ಇಲ್ಲದೆ ತಮ್ಮದೇ ಶಾಲು ಹೊದ್ದು, ಮೇಡಂ ಪಕ್ಕ ಕೂತರು. ಬದಲಿಗೆ ಅಲ್ಲ, ಜೊತೆಗೆ. ಅತಿಥಿಯನ್ನು ಒಂಟಿಯಾಗಿ ಕೂರಿಸುವುದು ಅವರಿಂದ ಆಗುವ ಕೆಲಸವಲ್ಲ.

ಬಿಸಿಲು ಜಗಲಿ ದಾಟಿದ ಮೇಲೆ ಚಿರತೆ ಎದ್ದು, ಮೈ ಮುರಿದು, ಮರಿಗಳನ್ನು ಕರೆದುಕೊಂಡು ಹೋಯಿತು. ಮೇಡಂ ಮಣೆಯಿಂದ ಎದ್ದರು. ಅವರು ಕರಗಿರಬಹುದು ಎಂದು ನಾನು ಆಸೆಪಟ್ಟಿದ್ದೆ. ಹಾಗೇನೂ ಆಗಿರಲಿಲ್ಲ, ಮುಖ ಕೆಂಪಗೆ ಕೆಂಡವಾಗಿತ್ತು.

"ಕಂಬಳಿ ನೆನೆಸಿದ್ದು ಬೇಕಂತಲೇ ಅಲ್ವಾ?" ಎಂದು ಕೇಳಿದರು.

ಹೌದು ಎಂದೆ.

"ಬೇಲಿ ಯಾಕೆ ಬೇಕು ಅಂತ ನಂಗೆ ಇವತ್ತು ಸರಿಯಾಗಿ ಗೊತ್ತಾಯ್ತು. ಮುಂದಿನ ವಾರ ಕಂಬಗಳು ಬರ್ತವೆ."

ಜೀಪು ಹತ್ತಿದವರು ಸೀದಾ ಹೋಗಲಿಲ್ಲ. ಊರಿನ ಬೀದಿಗಳಲ್ಲೆಲ್ಲ ಮೆಲ್ಲಗೆ ಓಡಿಸಲು ಹೇಳಿ, ದುರ್ಬೀನಿನಲ್ಲಿ ಒಂದೊಂದೇ ಮನೆಯನ್ನು, ಒಂದೊಂದೇ ಜಗಲಿಯನ್ನು, ಅಲ್ಲಿ ನಿಂತವರನ್ನು ನೋಡುತ್ತ, ಯಾವ ಮನೆಯ ಹಿಂದೆ ಕಂಬ, ಯಾರ ಹಿತ್ತಿಲಲ್ಲಿ ತಂತಿ ಎಂದು ಪರಮಶಿವಯ್ಯನವರಿಗೆ ಹೇಳುತ್ತ ಹೋದರು. ಸಂಜೀವಣ್ಣ ಕೈಯಲ್ಲಿ ಕತ್ತರಿ ಹಿಡಿದು ಬೆಪ್ಪಾಗಿ ನಿಂತಿದ್ದ. ಹೇಳಿದಂತೆಯೇ ಲಾರಿಯಲ್ಲಿ ಕಬ್ಬಿಣದ ಕಂಬಗಳು ಬಂದು ಬಸ್ ನಿಲ್ದಾಣದ ಹಿಂದೆ ರಾಶಿ ಬಿದ್ದವು. ನೆಡುವವರು ನಾಡಿದ್ದು ಬರುತ್ತಾರೆಂದು ಸುದ್ದಿ. ಸಂಜೆ ನಮ್ಮ ಜಗಲಿಯಲ್ಲಿ ಜನ ಸೇರಿ, ಅರ್ಜಿ ಕೊಡೋಣ ಎಂದು ಒಬ್ಬರು, ಕಂಬಗಳನ್ನು ಹೊಳೆಗೆ ಹಾಕೋಣ ಎಂದು ಒಬ್ಬರು ಮಾತಾಡಿದರು. ಎಲ್ಲವೂ ನಿನ್ನಿಂದಲೇ ಆಗಿದ್ದು ಎಂಬಂತೆ ಕೆಲವರು ನನ್ನನ್ನು ನೋಡಿದರು.

ಕಂಬಳಿಯ ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದ ದೇವೀರಮ್ಮನವರು ಆಗ ಬಾಯಿ ತೆರೆದರು. "ಆಯಮ್ಮ ನಮ್ಮನ್ನೆಲ್ಲ ನೋಡಿಬಿಟ್ಟು ಹೋದ್ಲು" ಎಂದರು. "ನಾವು ಇಲ್ಲೇ ಕೂತಿದ್ರೆ ಹೆಂಗೆ? ನಾವೂ ಹೋಗ್ಬೇಕಲ್ಲ."

ಮೊದಲು ಅರ್ಥವಾದದ್ದು ನಮ್ಮ ಯಜಮಾನರಿಗೆ. ಅವರು ಬೆರಳು ಎಣಿಸುವುದನ್ನು ನಿಲ್ಲಿಸಿ, ಗೂಟದಿಂದ ಬಸ್ಸಿನ ಬೀಗದ ಕೈ ತೆಗೆದುಕೊಂಡು ಡೀಸೆಲ್ ನೋಡಲು ಹೋದರು.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಮೇಡಂ ದುರ್ಬೀನಿನಲ್ಲಿ ಯಾರು ಯಾರನ್ನು ನೋಡಿದ್ದರೋ ಅಷ್ಟೂ ಜನ ಹತ್ತಿದ್ದರು. ತಡವಾಗಿದೆಯಲ್ಲ, ಮಾರನೆಯ ದಿನವೇ ಹೋಗಬೇಕಿತ್ತಲ್ಲ ಎಂದು ಸಂಜೀವಣ್ಣ ಅನುಮಾನ ಪಟ್ಟ. ನೋಡಲೆಂದು ಕೆಳಗೆ ಇಳಿಯುವುದು ನಮಗೆ ಹೊಸದು, ಅಷ್ಟು ರಿಯಾಯಿತಿ ಇರಲಿ ಎಂದೆ. ಪಟ್ಟಣದ ಆಫೀಸಿನಲ್ಲಿ ಜವಾನ ಯಾರನ್ನು ನೋಡಬೇಕು ಎಂದು ಕೇಳಿದ. ಮೇಡಂ ಅವರನ್ನು ಎಂದೆವು. ಏನು ಕೆಲಸ ಎಂದ. ನೋಡುವುದೇ ಕೆಲಸ ಎಂದೆವು. ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ನಾವು ಒಳಗಿದ್ದೆವು.

ಘೋಷಣೆ ಕೂಗಲಿಲ್ಲ, ಅರ್ಜಿ ಕೊಡಲಿಲ್ಲ. ಕುರ್ಚಿ ಸಿಕ್ಕವರು ಕುರ್ಚಿಯಲ್ಲಿ, ಸಿಗದವರು ನೆಲದ ಮೇಲೆ, ಗೋಡೆಗೆ ಒರಗಿ, ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ಮೇಡಂ ಅವರನ್ನು ನೋಡಿದೆವು. ನಮ್ಮ ಯಜಮಾನರೂ ಬಸ್ಸು ನಿಲ್ಲಿಸಿ ಬಂದು ನನ್ನ ಪಕ್ಕ ಕೂತು, ತಲೆ ಎತ್ತಿ ನೋಡಿದರು. ಮೇಡಂ ಮೊದಲು ಪೊಲೀಸರನ್ನು ಕರೆಸುತ್ತೇನೆ ಎಂದರು. ಕರೆಸಿ, ಅವರು ನಮ್ಮನ್ನು ನೋಡಿದರೆ ನಾಳೆ ಠಾಣೆಗೂ ಹೋಗುತ್ತೇವೆ ಎಂದೆ. ಅವರು ಫೋನು ಎತ್ತಲಿಲ್ಲ. ಕಾಗದ ತಿರುವಿದರು. ಕೂದಲು ಸರಿ ಮಾಡಿಕೊಂಡರು. ಉಗುರು ನೋಡಿಕೊಂಡರು. ಮುಂದೇನಾಗುತ್ತದೆ ಎಂದು ನನಗೆ ಗೊತ್ತಿತ್ತು. ಬಟಾಣಿ ತರಬೇಕಿತ್ತು ಅನ್ನಿಸಿತು.

ಒಬ್ಬೊಬ್ಬರದೇ ಹೊತ್ತು ಮುಗಿದು, ಮುಗಿದವರು ಎದ್ದು ಕೈ ಮುಗಿದು ಬಸ್ಸಿಗೆ ಹೋದರು. ಸಂಜೀವಣ್ಣನದು ಬೇಗ ಮುಗಿಯಿತು. ನನ್ನದು ಇನ್ನೂ ಇತ್ತು. ಕಂಬಳಿಯ ಮಾತಾಡುವಾಗ ಅವರು ನನ್ನನ್ನು ಚೆನ್ನಾಗಿಯೇ ದಿಟ್ಟಿಸಿದ್ದರು. ಅದೂ ಮುಗಿದ ಮೇಲೆ ಉಳಿದವರು ದೇವೀರಮ್ಮನವರು ಒಬ್ಬರೇ. ಮೇಜಿನ ಎದುರಿನ ಕುರ್ಚಿಯಲ್ಲಿ, ಪೊರೆ ಬಂದ ಕಣ್ಣುಗಳನ್ನು ಮೇಡಂ ಇದ್ದ ದಿಕ್ಕಿಗೆ ನೆಟ್ಟು, ಶಾಲು ಹೊದ್ದು ಅಲುಗಾಡದೆ ಕೂತಿದ್ದರು. ನಾನು ಅವರ ಹಿಂದೆ ನಿಂತೆ.

ಮೇಡಂ ದನಿ ತಗ್ಗಿತ್ತು. "ಅಜ್ಜಿ, ನಿಮಗೆ ಕಣ್ಣು ಕಾಣಿಸಲ್ವಲ್ಲ" ಎಂದರು.

"ಕಾಣಲ್ಲ ಕಣವ್ವ" ಎಂದರು ದೇವೀರಮ್ಮನವರು. "ಅದಕ್ಕೇ ಹೊತ್ತು ಜಾಸ್ತಿ ಹಿಡಿಯುತ್ತೆ."

ಮೇಡಂ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಸುಮಾರು ಹೊತ್ತು ಆ ಕಣ್ಣುಗಳ ಎದುರು ಏನೂ ಮಾಡದೆ ಕೂತರು. ಆಮೇಲೆ ಜವಾನನನ್ನು ಕರೆದು, ಅಜ್ಜಿಗೆ ಕಾಫಿ ತಾ ಎಂದರು, ಸೊಸೆಗೆ ಕುರ್ಚಿ ಹಾಕು ಎಂದರು.

ಕಂಬ ನೆಡುವವರು ಹೇಳಿದ ದಿನ ಬರಲಿಲ್ಲ. ಬರುವುದಿಲ್ಲ ಎಂದೂ ಯಾರೂ ಹೇಳಿಲ್ಲ. ರಾಶಿ ಈಗಲೂ ಬಸ್ ನಿಲ್ದಾಣದ ಹಿಂದೆಯೇ ಇದೆ, ಮೇಕೆಗಳು ಬಂದಾಗ ಅದರ ಮೇಲೆ ನಿಂತು ನೋಡುತ್ತವೆ. ನಮ್ಮ ಮನೆಯಲ್ಲಿ ಉಳಿಯುವವರಿಗೆ ಈಗ ಬಿಸಿನೀರು ಕೊಡುತ್ತೇನೆ, ಹಾಸಿಗೆ ಕೊಡುತ್ತೇನೆ, ಮಾರನೆಯ ಬೆಳಿಗ್ಗೆ ಮಣೆ ಹಾಕುತ್ತೇನೆ. ಕೂತವರ ಜೊತೆಗೆ ದೇವೀರಮ್ಮನವರು ತಮ್ಮ ಶಾಲು ಹೊದ್ದು ಕೂರುತ್ತಾರೆ. ಸರ್ಕಾರ ಯಾವತ್ತಾದರೂ ಬೇಲಿ ಹಾಕಿಯೇ ಹಾಕುತ್ತದೆ ನೋಡುತ್ತಿರಿ ಎಂದು ಪರಮಶಿವಯ್ಯನವರು ಆಗಾಗ ಹೇಳುತ್ತಿರುತ್ತಾರೆ. ಹಾಕಲಿ. ಬಸ್ಸು ದಿನಾ ಇದೆ.